ಹುಲ್ಲು ಗುಡ್ಡೆಯಲ್ಲಿ, ನೀರು ತೋಡಿನಲ್ಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಘಟ್ಟದ ಬುಡಕ್ಕೆ ಹೋದಷ್ಟೂ ಇನ್ನೂ ಹೆಚ್ಚು. ಇಂಥ ಊರಲ್ಲಿ ದನಕ್ಕೆ ಕುಡಿಯುವ ನೀರಿನ ಯೋಜನೆ ಬೇಕು ಎಂದರೆ ಬಯಲುಸೀಮೆಯವರಿಗೆ ನಗು ಬಂದೀತು. ಅವರು ಏಪ್ರಿಲ್‌ನಲ್ಲಿ ಒಮ್ಮೆ ಪದವು ಹತ್ತಿ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದುಹೋದ ಮಳೆಯನ್ನು ಮುರಕಲ್ಲು ಜರಡಿಯಂತೆ ಕೆಳಗಿಳಿಸಿಬಿಟ್ಟಿರುತ್ತದೆ. ಮೇಲೆ ಒಣಗಿ ನಿಂತ ಮುಳಿಹುಲ್ಲು, ಗೇರುಮರದ ನೆರಳು. ನೀರು ಮಾತ್ರ ಎಷ್ಟೋ ಮೀಟರ್ ಕೆಳಗೆ, ತೋಡಿನ ಗುಂಡಿಯಲ್ಲೋ ಯಾರದೋ ತೋಟದ ಕೆರೆಯಲ್ಲೋ. ಮೇಯಲು ಹತ್ತಬೇಕು, ಕುಡಿಯಲು ಇಳಿಯಬೇಕು. ಇಳಿದ ದನ ಆ ಬಿಸಿಲಿಗೆ ಮತ್ತೆ ಹತ್ತುವುದಿಲ್ಲ. ತೋಟದ ಅಂಚಿನಲ್ಲೇ ಸುಳಿದಾಡುತ್ತದೆ, ಅಗಳು ಹಾರುತ್ತದೆ, ಅಡಿಕೆ ಸಸಿಗೆ ಬಾಯಿ ಹಾಕುತ್ತದೆ. ನೆರೆಮನೆಯ ಜಗಳ ಅಲ್ಲಿಂದ ಶುರು.

ಸರದಿ ಮೇಯಿಸುವಿಕೆಯ ಬಗ್ಗೆ ಈಚೆಗೆ ಇಲ್ಲಿಯೂ ಮಾತು ಕೇಳಿಬರುತ್ತಿದೆ. ಜಾಗವನ್ನು ನಾಲ್ಕೋ ಆರೋ ತುಂಡು ಮಾಡಿ, ಒಂದರಲ್ಲಿ ದನ ಮೇಯುವಾಗ ಉಳಿದವಕ್ಕೆ ವಿಶ್ರಾಂತಿ ಕೊಡುವ ಕ್ರಮ ಅದು. ಫ್ರಾನ್ಸಿನ ಆಂದ್ರೆ ವಾಸನ್ 1957ರಲ್ಲಿ ಹುಲ್ಲಿನ ಉತ್ಪಾದಕತೆಯ ಬಗ್ಗೆ ಬರೆದ ಪುಸ್ತಕ ಇದಕ್ಕೆ ಶಾಸ್ತ್ರದ ಚೌಕಟ್ಟು ಕೊಟ್ಟಿತು. ಕಚ್ಚಿದ ಹುಲ್ಲು ಮತ್ತೆ ಬೇರಿಗೆ ಬಲ ತುಂಬಿಕೊಳ್ಳುವವರೆಗೆ ದನ ಅಲ್ಲಿಗೆ ಮರಳಬಾರದು ಎಂಬುದು ಅವನ ವಾದದ ತಿರುಳು. ಇದನ್ನು ಕೇಳಿದವರು ಮೊದಲು ಮಾಡುವ ಕೆಲಸ ಬೇಲಿ ಹಾಕುವುದು. ನೀರಿನ ನೆನಪಾಗುವುದು ಆಮೇಲೆ. ನನ್ನ ಪ್ರಕಾರ ಕ್ರಮ ತಲೆಕೆಳಗಾಗಬೇಕು: ನೀರು ಎಲ್ಲಿ ಸಿಗುತ್ತದೆ, ಎಲ್ಲಿಯವರೆಗೆ ಹರಿದು ಬರುತ್ತದೆ ಎಂಬುದು ಗೊತ್ತಾದ ಮೇಲೆಯೇ ಮೊದಲ ಗೂಟ ನೆಡಬೇಕು.

ಹಾಗೆ ನೋಡಿದರೆ ತುಳುನಾಡಿಗೆ ಸರದಿ ಹೊಸದೇನಲ್ಲ. ಇಲ್ಲಿನ ಗದ್ದೆಗಳನ್ನು ಹಿರಿಯರು ವಿಂಗಡಿಸಿದ್ದೇ ನೀರಿನ ಮೇಲೆ. ತಗ್ಗಿನಲ್ಲಿ ತೇವ ಆರದ ಬೈಲು, ನಡುವೆ ಮಜಲು, ಮಳೆಯನ್ನೇ ನಂಬಿದ ಬೆಟ್ಟು. ಮಳೆಗಾಲದಲ್ಲಿ ಮೂರರಲ್ಲೂ ಏಣೆಲು ಬೆಳೆ ನಿಂತಿರುವಾಗ ದನಕ್ಕೆ ಗುಡ್ಡೆಯೇ ಗತಿ. ಏಣೆಲು ಕೊಯ್ಲಾದ ಮೇಲೆ ಬೆಟ್ಟುಗದ್ದೆಯ ಕೂಳೆ. ಸುಗ್ಗಿ ಬೆಳೆ ಮುಗಿದ ಮೇಲೆ ಮಜಲು. ಕಡು ಬೇಸಗೆಗೆ, ಕೊಳಕೆ ಬೆಳೆ ಇಲ್ಲದ ಕಡೆ, ಬೈಲಿನ ಹಸುರು ಮತ್ತು ಪಕ್ಕದ ತೋಡಿನ ನೀರು. ಯಾರೂ ಇದನ್ನು ಕಾಗದದ ಮೇಲೆ ಬರೆಯಲಿಲ್ಲ, ಆದರೆ ನೀರು ಕೆಳಗಿಳಿದ ಹಾಗೆ ಮಂದೆಯೂ ಇಳಿಯುತ್ತಿತ್ತು.

ಬರೆದಿಟ್ಟ ಉದಾಹರಣೆ ಬೇಕೆಂದರೆ ಘಟ್ಟ ಹತ್ತಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ಮಂದೆಗಳನ್ನು ಹೈದರಾಲಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ಮಂದೆಗಳಿಗೆ ಮೀಸಲಾಗಿದ್ದ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯವು ಹೆಚ್ಚಾಗಿ ಕೆರೆಯಂಗಳಗಳು. ನೀರು ಹಿಂದೆ ಸರಿದ ಹಾಗೆ ಅಲ್ಲಿ ಹಸುರು ಚಿಗುರುತ್ತದೆ, ಉಳಿದ ನೀರು ಕುಡಿಯಲಿಕ್ಕಾಗುತ್ತದೆ, ಏರಿಯ ಮರಗಳ ನೆರಳೂ ಇದೆ. ದಂಡಿಗೆ ಎತ್ತು ಒದಗಿಸಬೇಕಾಗಿದ್ದ ಒಂದು ಸಂಸ್ಥಾನ ಹುಲ್ಲುಗಾವಲನ್ನು ಎಕರೆಯಿಂದ ಅಳೆದು ಸುಮ್ಮನಾಗಲಿಲ್ಲ. ಯಾವ ತಿಂಗಳಲ್ಲಿ ಎಲ್ಲಿ ನೀರಿದೆ ಎಂದು ನೋಡಿ ಹೆಸರಿಟ್ಟಿತು.

ನಮ್ಮ ಕಡೆ ಆ ಸರದಿ ಏಕೆ ಕಡಿಯಿತು ಎಂಬುದಕ್ಕೆ ದೀರ್ಘ ವಿವರಣೆ ಬೇಡ. ವರ್ಗ ಜಮೀನಿನ ಸುತ್ತ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಮೇವಿನ ಸವಲತ್ತು ಕೊಡುತ್ತಿದ್ದ ಕುಮ್ಕಿಯನ್ನು 1964ರ ಭೂಕಂದಾಯ ಕಾಯ್ದೆಯೂ ಉಳಿಸಿಕೊಂಡಿತು. ಕಾಗದದಲ್ಲಿ ಕುಮ್ಕಿ ಉಳಿಯಿತು, ನೆಲದ ಮೇಲೆ ಅದು ಅಡಿಕೆಯೂ ರಬ್ಬರೂ ಆಯಿತು. ಭತ್ತದ ಬೈಲುಗಳೂ ತೋಟವಾದವು. ಡೇರಿಗೆ ಹಾಲು ಹಾಕುವ ಮಿಶ್ರತಳಿ ಹಟ್ಟಿಯಲ್ಲೇ ನಿಂತು ಹಿಂಡಿ, ಬೈಹುಲ್ಲು ತಿಂದು ಅಕ್ಕಚ್ಚು ಕುಡಿಯತೊಡಗಿತು. ಗುಡ್ಡೆಗೆ ಹೋಗುವುದು ಊರಿನ ಗಿಡ್ಡ ದನ ಮಾತ್ರ. ಅದಕ್ಕೆ ಮಲೆನಾಡು ಗಿಡ್ಡ ಎಂಬ ಅಧಿಕೃತ ತಳಿಯ ಮಾನ್ಯತೆ ಸಿಕ್ಕಿದ್ದು 2012ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. ದನ ತಿಂದ ಒಣಪದಾರ್ಥದ ಪ್ರತಿ ಕಿಲೋಗೆ ಸುಮಾರು ನಾಲ್ಕೈದು ಲೀಟರ್ ನೀರು ಬೇಕು. ನೂರು, ನೂರಿಪ್ಪತ್ತು ಕಿಲೋ ತೂಗುವ ಗಿಡ್ಡ ದಿನಕ್ಕೆ ಮೂರು ಕಿಲೋ ಒಣಮೇವಿನಷ್ಟು ತಿಂದರೆ 12ರಿಂದ 15 ಲೀಟರ್ ಕುಡಿಯುತ್ತದೆ, ಸೆಕೆ ಜೋರಾದರೆ ಸ್ವಲ್ಪ ಹೆಚ್ಚು. ನಾನೂರು ಕಿಲೋದ, ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿಗೆ ಬೇಸಗೆಯಲ್ಲಿ 70 ಲೀಟರ್ ಎಂದಿಟ್ಟುಕೊಳ್ಳಬೇಕು. ಹಾಲಿನಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ನೀರೇ. ಕುಡಿಯುವುದು ಕಡಿಮೆಯಾದರೆ ಮರುದಿನವೇ ಕ್ಯಾನಿನಲ್ಲಿ ಗೊತ್ತಾಗುತ್ತದೆ. ಮಳೆಗಾಲದ ಕಥೆ ಬೇರೆ. ಎಳೆ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಿರುತ್ತದೆ. ಆಟಿ ತಿಂಗಳಲ್ಲಿ ಹೊಟ್ಟೆ ತುಂಬ ಮೇದ ಗಿಡ್ಡಕ್ಕೆ ಬಾನಿಯ ನೆನಪೇ ಆಗದಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಇಲ್ಲಿ ನೀರಿನ ಯೋಜನೆ ಎಂದರೆ ಜನವರಿಯಿಂದ ಪತ್ತನಾಜೆಯ ಆಚೆಈಚೆ ಮಳೆ ಹಿಡಿಯುವವರೆಗಿನ ಯೋಜನೆ.

ನಿಮಿಷಕ್ಕೆ ಒಂದು ಲೀಟರ್ ಒಸರುವ ಒರತೆಯನ್ನು ಯಾರೂ ಒರತೆಯೆಂದು ಗಣಿಸುವುದಿಲ್ಲ. ಪಂಪು ಇಟ್ಟರೆ ಗಾಳಿಯೆಳೆಯುತ್ತದೆ. ಆದರೆ ದಿನಕ್ಕೆ 1440 ನಿಮಿಷ. ರಾತ್ರಿಯೂ ಸೇರಿ ಆ ನೂಲಿನಂಥ ಧಾರೆಯನ್ನು ಒಂದು ಟಾಂಕಿಯಲ್ಲಿ ಹಿಡಿದರೆ 20 ಮಿಶ್ರತಳಿ ಹಸುಗಳಿಗೆ, ಅಥವಾ 90 ಗಿಡ್ಡಗಳಿಗೆ ಸಾಕು. ಇಲ್ಲಿನ ಬಹುಪಾಲು ಮನೆಗಳಲ್ಲಿ ಇರುವುದು ಎರಡು, ನಾಲ್ಕು, ಹೆಚ್ಚೆಂದರೆ ಎಂಟು ದನ. ಹಾಗಾಗಿ ನಮ್ಮ ಕೊರತೆ ನೀರಿನ ಪ್ರಮಾಣದ್ದಲ್ಲ. ಅದು ಎಲ್ಲಿ ಸಿಗುತ್ತದೆ, ರಾತ್ರಿಯ ನೀರು ಹಗಲಿಗೆ ಉಳಿಯುತ್ತದೆಯೇ ಎಂಬುದರದ್ದು. ಒರತೆಯನ್ನು ಅಳೆಯಬೇಕಾದದ್ದು ಕಡು ಬೇಸಗೆಯ ಪಗ್ಗು ತಿಂಗಳಲ್ಲಿ, ಬಾಲ್ದಿಯೂ ಗಡಿಯಾರವೂ ಹಿಡಿದು. ಡಿಸೆಂಬರಿನಲ್ಲಿ ಅಳೆದವರಿಗೆ ಒರತೆ ಸುಳ್ಳು ಹೇಳುತ್ತದೆ.

ಇನ್ನು ದೂರದ ಪ್ರಶ್ನೆ. ಅಮೆರಿಕದ ಮಿಸೌರಿ ರಾಜ್ಯದ ಮೇವು ಸಂಶೋಧಕರು ಒಂದು ವಿಷಯ ಗಮನಿಸಿದರು: ನೀರು ಸುಮಾರು 250 ಮೀಟರಿನೊಳಗಿದ್ದರೆ ಜಾಗದ ಹುಲ್ಲನ್ನು ದನ ಸರಿಸಮವಾಗಿ ಮೇಯುತ್ತದೆ. ಅದಕ್ಕಿಂತ ದೂರವಾದರೆ ನೀರಿನ ಹತ್ತಿರದ ಹುಲ್ಲು ಬುಡದವರೆಗೆ ಬೋಳಾಗುತ್ತದೆ, ದೂರದ್ದು ಬಲಿತು ಒಣಗುತ್ತದೆ. ಅದು ಅಲ್ಲಿನ ಬಯಲಿನ ಲೆಕ್ಕ. ನಮ್ಮ ಗುಡ್ಡೆಯ ಏರಿಳಿತಕ್ಕೆ 150 ಮೀಟರ್ ಎಂದುಕೊಂಡರೆ ಒಳ್ಳೆಯದು. ಏರನ್ನು ಗಿಡ್ಡ ಲೆಕ್ಕಕ್ಕಿಡುವುದಿಲ್ಲ ನಿಜ, ಆದರೆ ಗಬ್ಬದ ಮಿಶ್ರತಳಿಯನ್ನು ಆ ಮುರಕಲ್ಲಿನ ಜಾರಿನಲ್ಲಿ ದಿನಕ್ಕೆ ಎರಡು ಸಲ ಹತ್ತಿಸಿ ಇಳಿಸುವುದು ಹಾಲನ್ನು ದಾರಿಯಲ್ಲಿ ಚೆಲ್ಲಿದಷ್ಟೇ ನಷ್ಟ.

ದೂರಕ್ಕೆ ಇನ್ನೊಂದು ಪರಿಣಾಮವಿದೆ, ಇದನ್ನು ಬೇಲಿಯ ನಕ್ಷೆ ಬರೆಯುವವರು ಮರೆಯುತ್ತಾರೆ. ನೀರು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ದನಗಳು ಒಂದೊಂದಾಗಿ ಬಂದು ಕುಡಿದು ಮೇಯಲು ಹೋಗುತ್ತವೆ. ದೂರವಿದ್ದರೆ ಇಡೀ ಮಂದೆ ಒಟ್ಟಿಗೆ ಹೊರಡುತ್ತದೆ. ಮುಂದಿನ ಜೋರಿನ ದನ ಮೊದಲು ಕುಡಿಯುತ್ತದೆ. ಎಳೆಯವೂ ಬಡಕಲೂ ಹಿಂದೆ ಕಾಯುತ್ತವೆ. ಅಷ್ಟರಲ್ಲಿ ಬಾನಿ ಖಾಲಿ. ಯಜಮಾನಿ ತಿರುಗಿ ಹೊರಟರೆ ಬಾಯಾರಿದ ಕರುವೂ ಅದರ ಹಿಂದೆಯೇ. ಸಂಜೆ ಲೆಕ್ಕ ನೋಡಿದರೆ ದಿನಕ್ಕೆ ಬೇಕಾದ ನೀರು ಹರಿದಿದೆ, ಆದರೆ ಎಲ್ಲರಿಗೂ ಸಿಕ್ಕಿಲ್ಲ. ಹತ್ತಿರದ ನೀರಿಗೆ ಸಣ್ಣ ಬಾನಿ ನಡೆಯುತ್ತದೆ, ದೂರದ ನೀರಿಗೆ ಇಡೀ ಮಂದೆ ಒಮ್ಮೆಗೇ ಕುಡಿಯುವಷ್ಟು ದೊಡ್ಡದೇ ಬೇಕು.

ಸೆಗಣಿಯ ವಿಷಯವೂ ಇದಕ್ಕೆ ಅಂಟಿಕೊಂಡೇ ಇದೆ. ದನ ಎಲ್ಲಿ ನಿಲ್ಲುತ್ತದೋ ಅಲ್ಲಿ ಗೊಬ್ಬರ ಬೀಳುತ್ತದೆ. ನೀರು ಒಂದೇ ಕಡೆ ಇದ್ದರೆ ಗುಡ್ಡೆಯ ಸಾರವೆಲ್ಲ ಹೊಟ್ಟೆಯಲ್ಲಿ ಹೊತ್ತು ತಂದು ಆ ಒಂದು ಮೂಲೆಯಲ್ಲಿ ಸುರಿದ ಹಾಗೆ. ನಮ್ಮಲ್ಲಿ ಸೆಗಣಿಗೆ ಹಾಲಿಗಿಂತ ಹೆಚ್ಚು ಬೆಲೆ ಕಟ್ಟುವ ಅಡಿಕೆ ಕೃಷಿಕರಿದ್ದಾರೆ. ಗಿಡ್ಡ ಸಾಕುವವರಲ್ಲಿ ಹಲವರು ಹಾಲಿಗಾಗಿ ಸಾಕುವುದೇ ಅಲ್ಲ. ಅವರು ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಕ್ರದ ಅರಗಳ ಹಾಗೆ ನಾಲ್ಕು ತುಂಡುಗಳೂ ನಡುವಿನ ಒಂದೇ ಬಾನಿಗೆ ಸೇರುವ ವಿನ್ಯಾಸವನ್ನು ಹೊರದೇಶದ ಪುಸ್ತಕಗಳು ಅಗ್ಗವೆಂದು ಹೊಗಳುತ್ತವೆ. ಪೈಪು ಉಳಿಯುತ್ತದೆ ನಿಜ. ಆದರೆ ಇಲ್ಲಿನ ಜುಲೈಯಲ್ಲಿ ಆ ನಡುವಿನ ಜಾಗ ಮೊಣಕಾಲಿನ ಕೆಸರಾಗುತ್ತದೆ, ಗೊರಸು ಕೊಳೆಯುತ್ತದೆ. ಹಾಗಾಗಿ ಈ ಮೂರು ತಾಲೂಕಿಗೆ ಒಪ್ಪುವುದು ಸ್ಥಾವರ ಟಾಂಕಿ, ಜಂಗಮ ಬಾನಿ. ಎರಡು ನೂರು ಲೀಟರಿನ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ಬಾನಿ. ಅದಕ್ಕೆ ಒಂದು ಫ್ಲೋಟ್ ವಾಲ್ವು, ಪೈಪಿನ ಸಾಲಿನಲ್ಲಿ ತುಂಡಿಗೊಂದು ಗೇಟ್ ವಾಲ್ವು. ದನ ಹೋದಲ್ಲಿಗೆ ಬಾನಿಯೂ ಹೋಗುತ್ತದೆ.

ನೀರು ಹರಿಯಲು ಪಂಪಿನ ಹಂಗು ಬೇಕಿಲ್ಲ ಎಂಬುದನ್ನು ನಮಗೆ ಕಲಿಸಿದ್ದು ಸುರಂಗಗಳು. ಬಂಟ್ವಾಳ ತಾಲೂಕಿನ ತೆಂಕಣ ಅಂಚಿನಲ್ಲಿ, ಕಾಸರಗೋಡಿಗೆ ತಾಗಿದ ಹಳ್ಳಿಗಳಲ್ಲಿ, ಮುರಕಲ್ಲಿನ ಗುಡ್ಡೆಯನ್ನು ಒಬ್ಬಾಳು ಹೋಗುವಷ್ಟು ಅಡ್ಡಕ್ಕೆ ಕೊರೆದು ಒರತೆ ಹಿಡಿಯುತ್ತಾರೆ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಇಳಿಜಾರಿನಲ್ಲಿ ಒಬ್ಬರೇ ಕೊರೆದ ಐದು ಸುರಂಗಗಳು ಒಣಗಿಯೇ ಹೋದವು. ಆರನೆಯದರಲ್ಲಿ ನೀರು ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ. ಸುದ್ದಿಯೆಲ್ಲ ಅವರ ಛಲದ ಮೇಲಿತ್ತು. ನೀರಾವರಿಯ ಕಣ್ಣಿನಿಂದ ನೋಡಿದರೆ ಸುರಂಗದ ನೀರು ತೋಟಕ್ಕಿಂತ ಎತ್ತರದಲ್ಲಿ ಸಿಗುತ್ತದೆ ಎಂಬುದೂ ಅಷ್ಟೇ ದೊಡ್ಡ ಸಂಗತಿ. ಕರೆಂಟಿಲ್ಲದೆ, ಡೀಸೆಲಿಲ್ಲದೆ ಅದು ತಾನಾಗಿ ಇಳಿಯುತ್ತದೆ. ಮೇಯುವ ಗುಡ್ಡೆಗೆ ಬೇಕಾದದ್ದು ಅಂಥ ನೀರೇ.

ಇಳಿಯುವ ನೀರಿಗೂ ಲೆಕ್ಕವಿದೆ. ಟಾಂಕಿ ಬಾನಿಗಿಂತ 5 ಮೀಟರ್ ಎತ್ತರದಲ್ಲಿದ್ದು, 200 ಮೀಟರ್ ಉದ್ದಕ್ಕೆ ಒಂದು ಇಂಚಿನ ಪೈಪು ಎಳೆದರೆ ನಿಮಿಷಕ್ಕೆ ಸುಮಾರು 20 ಲೀಟರ್ ಬರುತ್ತದೆ. ದುಡ್ಡು ಉಳಿಸಲು ಅರ್ಧ ಇಂಚಿನದ್ದು ಹಾಕಿದವರಿಗೆ ನಾಲ್ಕು ಲೀಟರೂ ಸಿಗುವುದಿಲ್ಲ. ಬಾಯಾರಿದ ಹಸುವೊಂದು ನಿಮಿಷಕ್ಕೆ ಹತ್ತು ಲೀಟರಿಗೂ ಹೆಚ್ಚು ಹೀರಬಲ್ಲದು. ಪೈಪಿನ ದಾರಿ ಗುಡ್ಡೆಯ ಉಬ್ಬನ್ನು ಹತ್ತಿ ಇಳಿದರೆ ಉಬ್ಬಿನಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಅಲ್ಲಿ ಗಾಳಿ ಬಿಡಲು ಒಂದು ನಳ ಬೇಕು, ಅಥವಾ ದಾರಿಯನ್ನೇ ಬಳಸಿ ತರಬೇಕು. ಬಿಸಿಲಿಗೆ ಬಿದ್ದ ಕಪ್ಪು ಪೈಪಿನಲ್ಲಿ ಮಧ್ಯಾಹ್ನ ಬರುವುದು ಸ್ನಾನದ ನೀರು, ದನ ಮೂಸಿ ಹಿಂದೆ ಸರಿಯುತ್ತದೆ. ಒಂದಡಿ ಮಣ್ಣಿನಡಿ ಹೂತರೆ ನೀರು ತಂಪು, ಕಾಡುಹಂದಿಯ ಕಾಟವೂ ಕಡಿಮೆ.

ಸುರಂಗಕ್ಕೆ ಒದಗುವ ಗುಡ್ಡೆ ಎಲ್ಲರಿಗೂ ಇಲ್ಲ. ಉಳಿದವರಿಗೆ ಹಳೆಯ ಉಪಾಯ ಮದಕ. ಗುಡ್ಡೆಯ ಇಳಿಜಾರಿನ ಸಹಜ ತಗ್ಗಿಗೆ ಕೆಳಬದಿಯಲ್ಲಿ ಒಂದು ದಂಡೆ ಕಟ್ಟಿದರೆ ಮದಕವಾಯಿತು. ಮಳೆಯ ನೀರು ನಿಂತು ಕೆಳಗಿನ ಬಾವಿ, ತೋಡುಗಳಿಗೆ ಇಂಗುತ್ತದೆ, ಮೇಯುವ ದನಕ್ಕೆ ಮೇಲೆಯೇ ನೀರು ಸಿಗುತ್ತದೆ. ಅಡ್ಯನಡ್ಕದ ವಾರಣಾಶಿ ಕೃಷಿ ಕುಟುಂಬ ತಮ್ಮ ಹಳೆಯ ಮದಕದ ಹೂಳೆತ್ತಿ ಅದಕ್ಕೆ ಮತ್ತೆ ಜೀವ ಕೊಟ್ಟದ್ದನ್ನು ಜಲತಜ್ಞ ಶ್ರೀಪಡ್ರೆಯವರಂಥವರು ನಾಡಿಗೆ ತಿಳಿಸಿದರು. ಮೂಡುಬಿದಿರೆಯವರು ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂದು ಹೆಮ್ಮೆಯಿಂದ ಎಣಿಸುತ್ತಾರೆ. ಪದವಿನ ಮೇಲಿನ ಮದಕಗಳನ್ನು ಹಾಗೆ ಎಣಿಸಿದವರು ಕಡಿಮೆ.

ಮದಕದ ದೊಡ್ಡ ಕೆಲಸ ಇಂಗಿಸುವುದು, ಮೇವರೆಗೆ ನೀರು ಕಾಯ್ದಿಡುವುದಲ್ಲ. ಅದಕ್ಕೆ ಪ್ಲಾಸ್ಟಿಕ್ ಹಾಸಿದ ಹೊಂಡ ಬೇಕು. ನಾಲ್ಕು ಗಿಡ್ಡ, ಎರಡು ಮಿಶ್ರತಳಿ ಇರುವ ಮನೆಗೆ ದಿನಕ್ಕೆ 200 ಲೀಟರ್, ಐದು ತಿಂಗಳಿಗೆ 30 ಸಾವಿರ ಲೀಟರ್ ಬೇಕು. ಆದರೆ ತೆರೆದ ನೀರಿನಿಂದ ಬೇಸಗೆಯಲ್ಲಿ ದಿನಕ್ಕೆ ಸುಮಾರು ಐದು ಮಿಲಿಮೀಟರ್ ಆವಿಯಾಗುತ್ತದೆ, ಐದು ತಿಂಗಳಲ್ಲಿ ಮುಕ್ಕಾಲು ಮೀಟರ್. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಹೊಂಡದಿಂದ ಸೂರ್ಯ ಕುಡಿಯುವುದೇ 20 ಸಾವಿರ ಲೀಟರಿಗೂ ಹೆಚ್ಚು! ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸಬೇಕು, ಮೇಲೆ ಸೋಗೆಯ ಚಪ್ಪರವನ್ನೋ ನೆರಳು ಬಲೆಯನ್ನೋ ಹಾಕಬೇಕು.

ದನವನ್ನು ಹೊಂಡಕ್ಕೋ ತೋಡಿಗೋ ನೇರ ಇಳಿಸಬಾರದು ಎಂಬುದು ನನಗೆ ಬೇಲಿಗಿಂತ ಮುಖ್ಯವೆನಿಸುವ ಮಾತು. ನಿಂತ ನೀರಿನ ಬಸವನಹುಳಗಳ ಮೂಲಕ ಯಕೃತ್ತಿನ ಹುಳ, ಹೊಟ್ಟೆಯ ಚಪ್ಪಟೆ ಹುಳ ದನಕ್ಕೆ ಹತ್ತುತ್ತವೆ. ಮೂಗು ಕಟ್ಟಿ ಗೊರಕೆ ಹೊಡೆಯುವ ರೋಗವೂ ಅಂಥದೇ ಒಂದು ಹುಳದಿಂದ. ಘಟ್ಟದ ಬುಡದ ತೊರೆಗಳಲ್ಲಿ ಕುಡಿಯುವಾಗ ಮೂಗಿನೊಳಗೆ ಸೇರಿಕೊಳ್ಳುವ ಜಿಗಣೆಯಿಂದ ವಾರಗಟ್ಟಲೆ ರಕ್ತ ಒಸರುವುದುಂಟು. ಸೆಗಣಿ, ಗಂಜಲ ಬಿದ್ದ ನೀರನ್ನು ದನವೇ ಇಷ್ಟಪಡುವುದಿಲ್ಲ. ಹೊಂಡಕ್ಕೆ ಬೇಲಿ, ಪೈಪಿನಲ್ಲಿ ಹೊರಗೆ ಬಂದ ನೀರು ಬಾನಿಗೆ. ಬಾನಿಯನ್ನು ವಾರಕ್ಕೊಮ್ಮೆ ಕವುಚಿ ತೊಳೆದರೆ ಪಾಚಿಯೂ ಇಲ್ಲ, ಡೆಂಗಿಯ ಸೊಳ್ಳೆಯೂ ಇಲ್ಲ. ಊರಲ್ಲಿ ಕಾಲುಬಾಯಿ ಜ್ವರದ ಸುದ್ದಿ ಬಂದರೆ ನೆರೆಯ ದನದೊಂದಿಗೆ ಬಾನಿ ಹಂಚಿಕೊಳ್ಳುವುದನ್ನು ಮೊದಲು ನಿಲ್ಲಿಸಬೇಕು.

ಬೆಳ್ತಂಗಡಿಯ ಕಾಡಂಚಿನವರಿಗೆ ಇನ್ನೂ ಒಂದು ಕಾರಣವಿದೆ. 1982–83ರಲ್ಲಿ ಮಂಗನ ಕಾಯಿಲೆ ಈ ತಾಲೂಕನ್ನು ಜೋರಾಗಿ ಕಾಡಿತ್ತು. ಆ ವೈರಸ್ ಹರಡುವ ಉಣ್ಣಿಗಳು ಬಲಿತ ಮೇಲೆ ರಕ್ತ ಹೀರುವ ಪ್ರಾಣಿಗಳಲ್ಲಿ ದನವೂ ಸೇರಿದೆ. ಮೇಯಲಿಕ್ಕಲ್ಲದಿದ್ದರೂ ನೀರಿಗಾಗಿ ಕಾಡಿನ ತೊರೆಗೆ ಇಳಿದ ದನ ಉಣ್ಣಿಯ ಸಂತತಿಯನ್ನು ಸಾಕುತ್ತದೆ. ಕಾಯಿಲೆ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ, ನಮ್ಮ ನೀರಿನ ತಾಪತ್ರಯದ್ದೂ ಹೆಚ್ಚುಕಡಿಮೆ ಅದೇ ತಿಂಗಳುಗಳು. ಕಾಡಿನ ಈಚೆ ಬದಿಯಲ್ಲಿ ಒಂದು ಬಾನಿ ತುಂಬಿರುವುದು ಮನೆಯವರ ಆರೋಗ್ಯಕ್ಕೂ ಬೇಕಾದದ್ದು.

ಸ್ವಂತ ಜಾಗವಿದ್ದವರ ಮಾತು ಇಷ್ಟು. ಉಳಿದಿರುವ ಸಾರ್ವಜನಿಕ ಪದವುಗಳದ್ದು ಬೇರೆ ಪಾಡು. ಅಲ್ಲಿ ಈಗ ಮದಕಕ್ಕಿಂತ ಹೆಚ್ಚು ಕಾಣುವುದು ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆಗಳು. ಗೋಡೆಯಂತೆ ನೆಟ್ಟಗೆ ಇಳಿದ ಬದಿಗಳು, ಒಳಗೆ ಮಳೆಯ ನೀರು. ದನ ಬಿದ್ದರೆ ಹತ್ತಲಾರದು, ಈಜಲು ಹೋದ ಮಕ್ಕಳು ಸತ್ತ ಸುದ್ದಿ ಪ್ರತಿ ಮಳೆಗಾಲ ಓದುತ್ತೇವೆ. ಇವನ್ನು ಮುಚ್ಚಿಸಬೇಕು ಎಂಬ ಕೂಗು ನ್ಯಾಯವೇ. ಆದರೆ ಎಲ್ಲವನ್ನೂ ಮುಚ್ಚುವ ಮೊದಲು, ಹುಲ್ಲು ಇರುವ ಪದವಿನಲ್ಲಿ, ಚಳಿಗಾಲ ಕಳೆದರೂ ನೀರು ನಿಲ್ಲುವ ಒಂದೆರಡನ್ನು ಪಂಚಾಯತು ಆರಿಸಿಕೊಳ್ಳಬಹುದು. ಸುತ್ತ ಗಟ್ಟಿ ಬೇಲಿ ಹಾಕಿ, ಇಳಿಜಾರಿನ ಬದಿಯಿಂದ ಪೈಪು ಹೊರತಂದು, ಕೆಳಗೆ ಕಲ್ಲು ಹಾಸಿದ ನೆಲದ ಮೇಲೆ ಬಾನಿ ಕಟ್ಟಿಸಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ಯಂಥ ಕೆಲಸ ನಡೆದಿರುವ, ಉದ್ಯೋಗ ಖಾತರಿಯ ದುಡ್ಡಿನಲ್ಲಿ ಬಾವಿ, ಹಟ್ಟಿ ಕಟ್ಟಿಸಿದ ಊರುಗಳಿಗೆ ಇದು ಮೀರಿದ ಕೆಲಸವಲ್ಲ. ಕಷ್ಟವಿರುವುದು ಅದರ ನಂತರ: ವಾರಕ್ಕೊಮ್ಮೆ ಆ ಬಾನಿ ತೊಳೆಯುವವರು ಯಾರು, ಫ್ಲೋಟ್ ವಾಲ್ವು ಮುರಿದರೆ ಹೊಸದರ ಹಣ ಯಾರದು. ಇದನ್ನು ಕಾಮಗಾರಿಯ ಕಡತದಲ್ಲೇ, ಕಲ್ಲು ಇಳಿಸುವ ಮೊದಲು, ಹೆಸರು ಹಾಕಿ ಬರೆದುಕೊಳ್ಳುವುದು ಒಳ್ಳೆಯದು.